ಹೈಡ್ರೋಜನ್ ಟ್ಯಾಂಕಿಗೆ ಕುಕ್ಕರಿನ ಸೀಟಿ ಸಾಕೇ?

ಪ್ರಶ್ನೆ: ಹೈಡ್ರೋಜನ್ ಕಾರುಗಳಲ್ಲಿ 700 ಬಾರ್ (ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 700 ಪಟ್ಟು) ಒತ್ತಡದ ಟ್ಯಾಂಕು ಸೀಟಿನ ಕೆಳಗೇ ಇರುತ್ತದಂತೆ. ಒತ್ತಡ ಮಿತಿ ಮೀರಿದರೆ ಕುಕ್ಕರಿನ ಸೀಟಿಯಂತೆ ತೆರೆದುಕೊಳ್ಳುವ ಕವಾಟವೊಂದಿದ್ದರೆ ಸಾಕಲ್ಲವೇ?

ಸಾಲದು. ಕುಕ್ಕರನ್ನು ನೆನಪಿಸಿಕೊಂಡದ್ದು ಸರಿ, ಆದರೆ ಅದರ ತಪ್ಪು ಭಾಗವನ್ನು ಹಿಡಿದಿದ್ದೀರಿ. ಸರಿಯಾದ ಭಾಗ ಯಾವುದೆಂದು ಆಮೇಲೆ ಹೇಳುತ್ತೇನೆ.

ಮೊದಲು, ಇಷ್ಟೊಂದು ಒತ್ತಡ ಏಕೆ? ಐದು ಕಿಲೋ ಹೈಡ್ರೋಜನ್‌ಗೆ ಸಾಮಾನ್ಯ ಒತ್ತಡದಲ್ಲಿ ಸುಮಾರು 60 ಘನ ಮೀಟರ್ ಜಾಗ ಬೇಕು, ಅಂದರೆ ಒಂದು ದೊಡ್ಡ ಕೋಣೆ. 700 ಬಾರ್‌ಗೆ ಒತ್ತಿದರೆ ಅದೇ ಅನಿಲ ಸುಮಾರು 125 ಲೀಟರಿನಲ್ಲಿ ಅಡಗುತ್ತದೆ. ಆಗ ಟ್ಯಾಂಕಿನ ಒಳಗೋಡೆಯಲ್ಲಿ ಒಂದು ಉಗುರಿನಷ್ಟು ಜಾಗದ ಮೇಲೆ ಏಳುನೂರು ಕಿಲೋ ಭಾರ ಕೂತಂತೆ.

ಉಕ್ಕಿನಲ್ಲಿ ಇದನ್ನು ಕಟ್ಟಬಹುದು. ಆದರೆ ಕಾರು ಹೊರಲಾರದಷ್ಟು ತೂಕವಾಗುತ್ತದೆ, ಜೊತೆಗೆ ಹೈಡ್ರೋಜನ್ ಪರಮಾಣುಗಳು ಗಟ್ಟಿ ಉಕ್ಕಿನೊಳಕ್ಕೆ ನುಸುಳಿ ಅದನ್ನು ಪೆಡಸು ಮಾಡುತ್ತವೆ. ಆದ್ದರಿಂದ ಕಾರುಗಳಲ್ಲಿ ಈಗ ಹೆಚ್ಚಾಗಿ ಕಾಣುವುದು ಪ್ಲಾಸ್ಟಿಕ್ ಒಳಪದರದ ಟ್ಯಾಂಕು. ಆ ಪದರದ ಕೆಲಸ ಅನಿಲವನ್ನು ತಡೆಯುವುದಷ್ಟೇ. ಭಾರ ಹೊರುವುದು ಅದರ ಸುತ್ತ ರಾಳದಲ್ಲಿ ಅದ್ದಿ ಸುತ್ತಿದ ಕಾರ್ಬನ್ ಫೈಬರ್ ಎಳೆಗಳು. ಉರುಳೆಯಾಕಾರದ ಪಾತ್ರೆಯಲ್ಲಿ ಸುತ್ತಳತೆಯ ದಿಕ್ಕಿನ ಎಳೆತ ಉದ್ದದ ದಿಕ್ಕಿನದಕ್ಕಿಂತ ಎರಡು ಪಟ್ಟು. ಹಾಗಾಗಿ ಎಳೆಗಳನ್ನು ಯಾವ ಕೋನದಲ್ಲಿ, ಎಷ್ಟು ಸುತ್ತು ಸುತ್ತಬೇಕು ಎಂಬುದೇ ವಿನ್ಯಾಸದ ಜೀವಾಳ.

ಇನ್ನು ಪರೀಕ್ಷೆ. ವಿಶ್ವಸಂಸ್ಥೆಯ ಅಡಿಯಲ್ಲಿ 2013ರಲ್ಲಿ ಬಂದ ಜಾಗತಿಕ ತಾಂತ್ರಿಕ ನಿಯಮ 13 ಮೊದಲಿಗೆ ಕೇಳಿದ್ದು, ಹೊಸ ಕಾರ್ಬನ್ ಫೈಬರ್ ಟ್ಯಾಂಕು ಕೆಲಸದ ಒತ್ತಡದ 2.25 ಪಟ್ಟು, ಅಂದರೆ 1575 ಬಾರ್‌ವರೆಗೆ ಒಡೆಯದೆ ತಡೆಯಬೇಕೆಂದು. ನನಗೆ ಇದಕ್ಕಿಂತ ಹೆಚ್ಚು ಧೈರ್ಯ ಕೊಡುವುದು ಇನ್ನೊಂದು ಸರಣಿ. ಅದರಲ್ಲಿ ಒಂದೇ ಟ್ಯಾಂಕು ಎಲ್ಲ ಏಟನ್ನೂ ತಿನ್ನಬೇಕು. ಅದನ್ನು 1.8 ಮೀಟರ್ ಎತ್ತರದಿಂದ ಬೀಳಿಸುತ್ತಾರೆ, ಮೈಮೇಲೆ ಗೀರು ಕೊರೆಯುತ್ತಾರೆ, ಬ್ಯಾಟರಿ ಆಮ್ಲ, ಕಾಸ್ಟಿಕ್ ಸೋಡಾ, ಗಾಜು ತೊಳೆಯುವ ದ್ರವದಂಥವುಗಳಲ್ಲಿ ನೆನೆಸುತ್ತಾರೆ, ಸಾವಿರಾರು ಬಾರಿ ತುಂಬಿ ಖಾಲಿ ಮಾಡುತ್ತಾರೆ. ಕೊನೆಗೆ ಅದನ್ನೇ ಒಡೆದು ನೋಡಿದಾಗ ಹೊಸ ಟ್ಯಾಂಕಿನ ಬಲದಲ್ಲಿ ಶೇಕಡ 80 ಆದರೂ ಉಳಿದಿರಬೇಕು. ಇನ್ನೊಂದು ಪರೀಕ್ಷೆಯಲ್ಲಿ 22,000 ಸುತ್ತಿನವರೆಗೆ ಒತ್ತಡ ಏರಿಸಿ ಇಳಿಸುತ್ತಾರೆ. ಒಂದು ಹಂತ ದಾಟಿದ ಮೇಲೆ ಸೋರಿದರೆ ಕ್ಷಮೆಯಿದೆ, ಒಡೆದರೆ ಇಲ್ಲ.

ಈ ಒಡೆಯುವ ಕೆಲಸವೆಲ್ಲ ನಡೆಯುವುದು ನೀರಿನಂಥ ದ್ರವ ತುಂಬಿ. 700 ಬಾರ್‌ನಲ್ಲೂ ನೀರು ಕುಗ್ಗುವುದು ಶೇಕಡ ಮೂರರಷ್ಟು ಮಾತ್ರ; ಗೋಡೆ ಬಿರಿದ ಕ್ಷಣ ಒತ್ತಡ ಬಿದ್ದುಹೋಗುತ್ತದೆ. ಅನಿಲವಾದರೆ ಸುರುಳಿ ಬಿಚ್ಚಿದ ಸ್ಪ್ರಿಂಗಿನಂತೆ ಹಿಗ್ಗಿ ಚೂರುಗಳನ್ನು ಎಸೆಯುತ್ತದೆ. ಆದರೆ ಹೈಡ್ರೋಜನ್ನಿನ ಕುಚೇಷ್ಟೆಗಳು ನೀರಿನಲ್ಲಿ ಕಾಣುವುದಿಲ್ಲ. ಉದಾಹರಣೆಗೆ, ಪ್ಲಾಸ್ಟಿಕ್ಕಿನೊಳಗೆ ಇಂಗಿ ಅದರ ಹಿಂದೆ ಸೇರಿಕೊಂಡ ಅನಿಲ, ಟ್ಯಾಂಕನ್ನು ತೀರಾ ಬೇಗ ಖಾಲಿ ಮಾಡಿದರೆ ಒಳಪದರವನ್ನೇ ಒಳಕ್ಕೆ ಉಬ್ಬಿಸಬಹುದು. ಅದಕ್ಕಾಗಿ ನಿಜವಾದ ಹೈಡ್ರೋಜನ್ ತುಂಬಿ 500 ಸುತ್ತಿನ ಪರೀಕ್ಷೆ ಪ್ರತ್ಯೇಕವಾಗಿ ಇದೆ.

ಈಗ ನಿಮ್ಮ ಕವಾಟಕ್ಕೆ ಬರೋಣ. ಟ್ಯಾಂಕಿನ ನಿಜವಾದ ಶತ್ರು ಬೆಂಕಿ. ಬೆಂಕಿ ತಗುಲಿದರೆ ಒಳಗಿನ ಒತ್ತಡ ಏರಿ ಕವಾಟ ತೆರೆದುಕೊಳ್ಳುತ್ತದೆ ಎಂದು ನೀವು ಊಹಿಸಬಹುದು. ಆದರೆ ಈ ನಾರಿನ ಗೋಡೆ ಶಾಖವನ್ನು ಬೇಗ ಒಳಗೆ ಬಿಡುವುದಿಲ್ಲ. ಒಳಗಿನ ಒತ್ತಡ ಅಪಾಯದ ಮಟ್ಟ ಮುಟ್ಟುವ ಮೊದಲೇ ಹೊರಗೆ ರಾಳ ಸುಟ್ಟು ಎಳೆಗಳ ಹಿಡಿತ ಸಡಿಲವಾಗಿರುತ್ತದೆ. ಟ್ಯಾಂಕು ಅರ್ಧ ಮಾತ್ರ ತುಂಬಿದ್ದರಂತೂ ಆ ಕವಾಟ ಬಾಯಿಯನ್ನೇ ಬಿಡದಿರಬಹುದು.

ಕುಕ್ಕರಿನ ಮುಚ್ಚಳದಲ್ಲಿ ಸೀಟಿಯ ಜೊತೆ ಇನ್ನೊಂದು ಪುಟ್ಟ ಬಿರಡೆ ಇರುತ್ತದಲ್ಲ, ಅತಿಯಾಗಿ ಕಾದರೆ ನಡುವಿನ ಲೋಹ ಕರಗಿ ತೂತಾಗುವಂಥದ್ದು? ಹೈಡ್ರೋಜನ್ ಟ್ಯಾಂಕಿಗೆ ಬೇಕಾದದ್ದು ಅದರ ಅಣ್ಣ. ಸುಮಾರು 110 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ಲೋಹವೋ ಒಡೆಯುವ ಗಾಜಿನ ಗುಳಿಗೆಯೋ ದಾರಿ ಬಿಟ್ಟುಕೊಡುತ್ತದೆ, ಅನಿಲ ಕೊಳವೆಯ ಮೂಲಕ ಹೊರಹೋಗುತ್ತದೆ. ಒಮ್ಮೆ ತೆರೆದರೆ ಮತ್ತೆ ಮುಚ್ಚುವುದಿಲ್ಲ. ಬೆಂಕಿ ಇದರಿಂದ ದೂರದ ತುದಿಯಲ್ಲಿ ಹೊತ್ತಿಕೊಂಡರೆ? ಪರೀಕ್ಷೆಯಲ್ಲಿ ಮೊದಲು ಬೆಂಕಿ ಇಡುವುದೇ ಅಲ್ಲಿ, ಆಮೇಲೆ ಇಡೀ ಟ್ಯಾಂಕಿಗೆ.

ಇಂಥ ಕಾರನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕರೆ ಟ್ಯಾಂಕಿನ ಮೇಲಿನ ಪಟ್ಟಿಯನ್ನು ಓದಿ. ತಯಾರಾದ ದಿನಾಂಕದ ಜೊತೆಗೆ, ಅದನ್ನು ಬಳಕೆಯಿಂದ ತೆಗೆಯಬೇಕಾದ ದಿನಾಂಕವೂ ಅಲ್ಲಿರುತ್ತದೆ. ಆ ದಿನ ಬಂದಾಗ ಮೇಲೆ ಒಂದು ಗೀರೂ ಇಲ್ಲದಿದ್ದರೂ ಟ್ಯಾಂಕನ್ನು ಇಳಿಸಲೇಬೇಕು.