ಮಂಗಳದ ಮಣ್ಣು ನಮ್ಮ ಲ್ಯಾಬಿಗೆ ಬಂದರೆ

2025ರ ಜುಲೈ. ಮುಂಗಾರಿ ಹೆಸರು ಹೂವಿಗೆ ಬಂದಿದ್ದ ಹೊತ್ತು. ಗದಗಿನ ನಮ್ಮ ಮಣ್ಣು ಪರೀಕ್ಷೆ ಲ್ಯಾಬಿಗೆ ನರೇಗಲ್ ಕಡೆಯ ರೈತರೊಬ್ಬರು ಬಂದಿದ್ದರು. ಕೈಯಲ್ಲಿ ಮಣ್ಣಿನ ಚೀಲ, ಬಗಲಲ್ಲಿ ಪೇಪರು. ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಲ್ಲಿ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸಿದ ಸುದ್ದಿ ಅದರಲ್ಲಿತ್ತು. ಆ ಪ್ರಯೋಗ ರೂಪಿಸಿದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರು. ಹಾಗಾಗಿ ನಮ್ಮ ಕಡೆ ಅದು ಮನೆ ಸುದ್ದಿಯೇ.

“ಅಕ್ಕಾರ, ನಮ್ಮ ಹೆಸರು ಅಲ್ಲೂ ನಾಟೇತಂತ. ನಾಳೆ ಮಂಗಳದಾಗ ಹೊಲ ಮಾಡೋದಾತು ಅನ್ರಿ, ಅಲ್ಲಿ ಮಣ್ಣು ತಂದು ಕೊಟ್ರ ಏನಂತ ರಿಪೋರ್ಟ್ ಬರೀತೀರಿ?”

ನಗುತ್ತಲೇ ಕೇಳಿದ್ದು. ಆದರೆ ದಿನವಿಡೀ ಮಣ್ಣು ಜರಡಿ ಹಿಡಿಯುವವಳಿಗೆ ಇಂಥ ಪ್ರಶ್ನೆ ಸುಮ್ನೆ ಬಿಡುವುದಿಲ್ಲ.

ಮೊದಲಿಗೆ ಒಂದು ಮಾತು. ಮೊಳಕೆ ಬಂತು ಅಂದರೆ ಬೆಳೆ ಬಂತು ಅಂತಲ್ಲ. ಕಾಳು ತನ್ನ ಬುತ್ತಿ ತಾನೇ ಕಟ್ಟಿಕೊಂಡಿರುತ್ತದೆ. ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೂ ಮೊಳೆಯುತ್ತದೆ. ಬುತ್ತಿ ಮುಗಿದ ಮೇಲೆ ಬೇರು ಹೊರಗಿನ ಊಟ ಹುಡುಕುತ್ತದೆ, ಕಷ್ಟ ಶುರುವಾಗುವುದು ಆಗ. 2019ರ ಜನವರಿಯಲ್ಲಿ ಚೀನಾದ ಚಾಂಗ್-ಇ 4 ನೌಕೆಯೊಳಗೆ, ಚಂದ್ರನ ಮೇಲೆ, ಹತ್ತಿ ಬೀಜ ಮೊಳೆತಿತ್ತು. ಮುಚ್ಚಿದ ಡಬ್ಬಿ, ಭೂಮಿಯಿಂದ ಒಯ್ದ ಮಣ್ಣು, ಎಲ್ಲಾ ಇತ್ತು. ಚಂದ್ರನ ರಾತ್ರಿ ಬಂತು, ಚಳಿಗೆ ಸತ್ತಿತು.

ಮಂಗಳದಿಂದ ಅಗೆದು ತಂದ ಮಣ್ಣು ಇವತ್ತಿನ ತನಕ ಯಾವ ಲ್ಯಾಬಿಗೂ ಬಂದಿಲ್ಲ. ಯಂತ್ರಗಳೇ ಅಲ್ಲಿ ಹೋಗಿ ಪರೀಕ್ಷೆ ಮಾಡಿವೆ. ನನಗೆ ಅಚ್ಚುಮೆಚ್ಚು 2008ರಲ್ಲಿ ಇಳಿದ ನಾಸಾದ ಫೀನಿಕ್ಸ್. ಅದರ ಒಂದು ಪುಟ್ಟ ಒಲೆಯ ಬಾಯಿಗೆ ಜಾಲರಿ ಇತ್ತು. ಯಂತ್ರದ ಕೈ ಮಣ್ಣು ತಂದು ಸುರಿಯಿತು. ಮಣ್ಣು ಹೆಂಟೆಗಟ್ಟಿ ಜಾಲರಿ ಮೇಲೇ ಕೂತಿತು, ಒಂದು ಕಾಳೂ ಕೆಳಗಿಳಿಯಲೊಲ್ಲದು. ದಿನಗಟ್ಟಲೆ ಅಲುಗಾಡಿಸಿದ ಮೇಲೆ ಇಳಿಯಿತು. ಹಸಿ ಎರೆ ಮಣ್ಣನ್ನು ಅವಸರದಲ್ಲಿ ಎರಡು ಮಿಲಿಮೀಟರ್ ಜರಡಿಗೆ ಹಾಕಿ ಕೈಸೋತವರಿಗೆ ಆ ಸಂಕಟ ಗೊತ್ತು.

ಅದೇ ಫೀನಿಕ್ಸ್ ಇನ್ನೊಂದು ಪೆಟ್ಟಿಗೆಯಲ್ಲಿ ಮಣ್ಣಿಗೆ ನೀರು ಬೆರೆಸಿ ನೋಡಿತು, ನಾವು ಬೀಕರಿನಲ್ಲಿ ಮಾಡುವ ಹಾಗೇ. ಪಿಎಚ್, ಅಂದರೆ ಮಣ್ಣಿನ ಹುಳಿ-ಕ್ಷಾರದ ಅಳತೆ, ಸುಮಾರು 7.7. ಇದನ್ನು ನೋಡಿದರೆ ಖುಷಿಯಾಗಬೇಕು, ನಮ್ಮ ಎರೆ ಹೊಲಗಳಲ್ಲಿ ಎಂಟು ದಾಟುವುದೇ ಜಾಸ್ತಿ. ಆದರೆ ಮುಂದಿನ ಸಾಲಲ್ಲೇ ಪರ್ಕ್ಲೋರೇಟ್ ಎಂಬ ಉಪ್ಪು, ಶೇಕಡಾ 0.5ರ ಆಸುಪಾಸು. ಪಟಾಕಿ ಮದ್ದಿನಲ್ಲಿ ಬಳಸುವ ಜಾತಿಯದು. ಹೊಟ್ಟೆಗೆ ಹೋದರೆ ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಸಿಗದಂತೆ ಅಡ್ಡ ನಿಲ್ಲುತ್ತದೆ. ಗಿಡ ಇದನ್ನು ನೀರಿನ ಜೊತೆ ಎಳೆದು ಎಲೆಯಲ್ಲಿ ಕೂಡಿಡುತ್ತದೆ. ಅಂದರೆ ಅಲ್ಲಿನ ಪಾಲಕ್ ನೋಡೋಕೆ ಹಸಿರಾಗಿರಬಹುದು, ತಿನ್ನೋಕಲ್ಲ.

ತೊಳೆದರಾಯಿತು ಅಲ್ವಾ? ಉಪ್ಪೇರಿದ ಸವಳು ಹೊಲಕ್ಕೆ ನಾವೂ ಅದನ್ನೇ ಹೇಳುತ್ತೇವೆ. ನವಲಗುಂದ, ನರಗುಂದ ಕಡೆ ಕಾಲುವೆ ನೀರು ಹೆಚ್ಚಾಗಿ ಸವಳಾದ ಹೊಲಗಳ ಮಣ್ಣು ನಮಗೆ ಹೊಸದಲ್ಲ. ಒಳ್ಳೆಯ ನೀರು ನಿಲ್ಲಿಸಿ, ಕೆಳಗೆ ಬಸಿಗಾಲುವೆ ತೋಡಿ, ಉಪ್ಪು ಇಳಿಸಬೇಕು. ಒಂದು ಅಡಿ ಮಣ್ಣಿನ ಉಪ್ಪಿನಲ್ಲಿ ಶೇಕಡಾ 80ರಷ್ಟು ಇಳಿಯಲು ಒಂದು ಅಡಿ ನೀರು ಬೇಕು ಅನ್ನುವುದು ನಮ್ಮ ಅಂದಾಜಿನ ಲೆಕ್ಕ. ಒಂದು ಗುಂಟೆಗೆ ಲೆಕ್ಕ ಹಾಕಿ ನೋಡಿ: ಸುಮಾರು 31,000 ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಆರು. ಬಾಹ್ಯಾಕಾಶ ನಿಲ್ದಾಣದಲ್ಲಿ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರಿಗಿಂತ ತುಸು ಕಡಿಮೆ ನೀರು. ಅದನ್ನೂ ಉಚ್ಚೆ, ಬೆವರು ಎಲ್ಲಾ ಶುದ್ಧ ಮಾಡಿ ಶೇಕಡಾ 98ರಷ್ಟು ವಾಪಸ್ ಪಡೆಯುತ್ತಾರೆ. ಆ ಲೆಕ್ಕದಲ್ಲಿ ಒಂದು ಗುಂಟೆ ಒಂದು ಸಲ ತೊಳೆಯಲು ಒಬ್ಬರ ಇಪ್ಪತ್ತು ವರ್ಷಕ್ಕೂ ಮೀರಿದ ನೀರು!

ಮಂಗಳದಲ್ಲಿ ನೀರಿದೆ, ಆದರೆ ಮಂಜುಗಡ್ಡೆಯಾಗಿ. ಅಗೆಯಬೇಕು, ಕರಗಿಸಬೇಕು. ಬಯಲಲ್ಲಿ ಹಾಯಿಸುವ ಮಾತೇ ಇಲ್ಲ. ಅಲ್ಲಿನ ಗಾಳಿಯ ಒತ್ತಡ ನಮ್ಮಲ್ಲಿನ ನೂರರಲ್ಲಿ ಒಂದು ಪಾಲೂ ಇಲ್ಲ, ನೀರು ನಿಲ್ಲದೆ ಆವಿಯಾಗುತ್ತದೆ, ಇಲ್ಲಾ ಹೆಪ್ಪುಗಟ್ಟುತ್ತದೆ. ಎಲ್ಲಾ ಮುಚ್ಚಿದ ಕೋಣೆಯೊಳಗೇ ಆಗಬೇಕು. ಬಸಿದ ನೀರಲ್ಲಿ ಅದೇ ವಿಷ ಇರುತ್ತದೆ, ಅದನ್ನು ಮತ್ತೆ ಶುದ್ಧ ಮಾಡಬೇಕು.

ಇದೆಲ್ಲಾ ಆದರೂ ನನ್ನ ರಿಪೋರ್ಟಿನಲ್ಲಿ ಇನ್ನೊಂದು ಕಾಲಂ ಉಳಿಯುತ್ತದೆ, ಸಾವಯವ ಇಂಗಾಲ. ನಮ್ಮ ಹೊಲಗಳಲ್ಲಿ ಶೇಕಡಾ 0.5ಕ್ಕಿಂತ ಕೆಳಗೆ ಬಂದರೆ ‘ಕಡಿಮೆ’ ಅಂತ ಬರೆದು ತಿಪ್ಪೆಗೊಬ್ಬರ ಹಾಕಿ ಅನ್ನುತ್ತೇವೆ. ಮಂಗಳದಲ್ಲಿ ಸಿಕ್ಕಿದ್ದು ಅದರ ಕುರುಹು ಮಾತ್ರ. ಎರೆಹುಳು ಇಲ್ಲ, ಬೇರು ಕೊಳೆತಿಲ್ಲ. ಹೆಸರಿನ ಬೇರಲ್ಲಿ ಗಂಟು ಕಟ್ಟಿ ಸಾರಜನಕ ಹಿಡಿದುಕೊಡುವ ಸೂಕ್ಷ್ಮಜೀವಿಯೂ ಇಲ್ಲ. ಕಬ್ಬಿಣ, ಸುಣ್ಣ, ಮೆಗ್ನೀಸಿಯಂ ಬೇಕಾದಷ್ಟಿದೆ. ನನ್ನ ಕೇಳಿದರೆ ಅದು ಮಣ್ಣೇ ಅಲ್ಲ, ಕಲ್ಲಿನ ಹಿಟ್ಟು. ತಿಪ್ಪೆ ಇಲ್ಲದ ಊರಲ್ಲಿ ಎಂಥ ಒಕ್ಕಲುತನ?

ಮಣ್ಣೇ ಬೇಡ, ನೀರಲ್ಲೇ ಗೊಬ್ಬರ ಬೆರೆಸಿ ಬೆಳೆಯುತ್ತೇವೆ ಅನ್ನುವವರಿದ್ದಾರೆ. ಮೊದಮೊದಲು ಅದೇ ಸರಿ ಅಂತ ನನಗೂ ಅನಿಸುತ್ತದೆ. ನಿಲ್ದಾಣದಲ್ಲಿ 2015ರಲ್ಲೇ ಲೆಟ್ಯೂಸ್ ಸೊಪ್ಪು ಬೆಳೆದು ತಿಂದಿದ್ದಾರೆ. ಆದರೆ ಸೊಪ್ಪು ಪಲ್ಯಕ್ಕಾಯಿತು, ರೊಟ್ಟಿಗೆ?

ಉಸಿರಿನ ಕಥೆ ನನ್ನ ಕೆಲಸದ್ದಲ್ಲ, ಒಂದೇ ಲೆಕ್ಕ ಹೇಳಿಬಿಡುತ್ತೇನೆ. ಮಂಗಳದ ಇಂಗಾಲದ ಡೈಆಕ್ಸೈಡಿನಿಂದ ಆಮ್ಲಜನಕ ತೆಗೆಯುವ ಮಾಕ್ಸಿ ಎಂಬ ಯಂತ್ರ 2021ರಿಂದ 2023ರವರೆಗೆ 16 ಸಲ ಓಡಿ ತೆಗೆದದ್ದು ಒಟ್ಟು 122 ಗ್ರಾಂ. ಒಬ್ಬರಿಗೆ ಮೂರೂವರೆ ತಾಸಿನ ಉಸಿರು. ಯಂತ್ರ ಸಣ್ಣದು, ಬರೀ ಪರೀಕ್ಷೆಗೆ ಕಳಿಸಿದ್ದು. ದಾರಿ ಇದೆ ಅಂತ ತೋರಿಸಿತು.

ವಾರ ಬಿಟ್ಟು ಆ ರೈತರು ರಿಪೋರ್ಟಿಗೆ ಬಂದಾಗ ಇಷ್ಟನ್ನೂ ಹೇಳಿದೆ. ವಿಕಿರಣದ ಮಾತೂ ಬಂತು. ಇಲ್ಲಿ ಪ್ರಕೃತಿಯಿಂದ ನಮಗೆ ವರ್ಷಕ್ಕೆ ತಗಲುವಷ್ಟು ವಿಕಿರಣ ಅಲ್ಲಿ ನಾಲ್ಕೇ ದಿನಕ್ಕೆ ತಗಲುತ್ತದೆ, ಅದಕ್ಕೇ ಮನೆ ಮೇಲೆ ಮೀಟರುಗಟ್ಟಲೆ ಮಣ್ಣು ಹೇರಬೇಕು ಅಂತ ವಿಜ್ಞಾನಿಗಳು ಹೇಳುತ್ತಾರೆ ಅಂದೆ.

ಅವರ ಮುಖ ಅರಳಿತು. “ಹಂಗನ್ರಿ ಮತ್ತ! ಅದು ಹೊಲದ ಮಣ್ಣಲ್ರಿ ಅಕ್ಕಾರ, ಮಾಳಿಗಿ ಮಣ್ಣು. ನಮ್ಮಜ್ಜ ಸವಳು ಮಣ್ಣು ಹೇರಿಕೊಂಡು ಬಂದು ಮನಿ ಮಾಳಿಗಿ ಮ್ಯಾಲ ಮುದ್ದಿ ಹಾಕತಿದ್ದ. ಹುಲ್ಲು ಸೈತ ಹುಟ್ಟತಿರಲಿಲ್ಲ.”

ಮಂಗಳದ ರಿಪೋರ್ಟಿನ ಕೊನೆಗೆ ‘ಶಿಫಾರಸು’ ಅಂತ ಒಂದು ಸಾಲು ಬರೆಯಬೇಕಾಗಿ ಬಂದರೆ ನಾನು ಅದನ್ನೇ ಬರೆಯುತ್ತೇನೆ.

“ಅದಿರ್ಲಿ, ನಂದೇನ್ ಬಂತು ಹೇಳ್ರಿ” ಅಂದರು. ಸತು ಕಡಿಮೆ ಬಂದಿತ್ತು.