ಕಾರ್ಡ್ ಟೆಸ್ಟ್‌ನಲ್ಲಿ ಡೆಂಗಿ ಇದೆ, ಸರ್ಕಾರಿ ಲೆಕ್ಕದಲ್ಲಿ ಇಲ್ಲ: ಯಾಕೆ ಹೀಗೆ?

ಜ್ವರ ಅಂತ ಹತ್ತಿರದ ನರ್ಸಿಂಗ್ ಹೋಮ್‌ಗೆ ಹೋದಿರಿ. ಕೆಲವೇ ನಿಮಿಷದಲ್ಲಿ ಫಲಿತಾಂಶ ಕೊಡುವ ಕಾರ್ಡ್ ಟೆಸ್ಟ್ ಮಾಡಿ ‘ಡೆಂಗಿ ಪಾಸಿಟಿವ್’ ಅಂದರು. ಡ್ರಿಪ್ ಹಾಕಿದರು, ದಿನಾ ಪ್ಲೇಟ್‌ಲೆಟ್ ನೋಡಿದರು, ಬಿಲ್ಲೂ ಕೈಗಿಟ್ಟರು. ಇಷ್ಟಾದರೂ ಆರೋಗ್ಯ ಇಲಾಖೆಯ ಪಟ್ಟಿಯಲ್ಲಿ ನೀವು ಖಚಿತ ಡೆಂಗಿ ರೋಗಿ ಅಲ್ಲ. ಸೊಳ್ಳೆಯಂಥ ಕೀಟಗಳಿಂದ ಹರಡುವ ರೋಗಗಳ ನಿಯಂತ್ರಣಕ್ಕಿರುವ ರಾಷ್ಟ್ರೀಯ ಕಾರ್ಯಕ್ರಮದ ನಿಯಮದಂತೆ ಕಾರ್ಡ್ ಟೆಸ್ಟ್ ಅನುಮಾನಕ್ಕೆ ಮಾತ್ರ ಸಾಕು. ಖಚಿತ ಅನ್ನಬೇಕಾದರೆ ಲ್ಯಾಬ್‌ನಲ್ಲಿ ಮಾಡುವ ಎಲಿಸಾ ಅನ್ನೋ ರಕ್ತ ಪರೀಕ್ಷೆ ಆಗಬೇಕು: ಜ್ವರದ ಮೊದಲ ಐದು ದಿನದೊಳಗಾದರೆ ವೈರಸ್‌ನ ಪ್ರೋಟೀನ್ ಹುಡುಕುವ ಎನ್‌ಎಸ್‌1, ಆಮೇಲಾದರೆ ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ ಹುಡುಕುವ ಐಜಿಎಂ.

ಹಾಗಾಗಿ ನಮ್ಮ ಬೀದಿಯಲ್ಲೇ ನಾಲ್ಕು ಜನಕ್ಕೆ ಡೆಂಗಿ ಅಂತ ಊರೆಲ್ಲ ಮಾತಾಡುತ್ತಿದ್ದರೂ ಪೇಪರ್‌ನಲ್ಲಿ ತಾಲ್ಲೂಕಿಗೆಲ್ಲ ಮೂರೇ ಪ್ರಕರಣ ಅಂತ ಬರಬಹುದು. ಸರ್ಕಾರ ಮುಚ್ಚಿಡುತ್ತಿದೆ ಅಂತ ಬೈಯೋದು ಸುಲಭ. ನನಗೆ ಕಾಣುವ ಕಾರಣ ಇನ್ನೂ ಹಳೆಯದು. ಸೊಳ್ಳೆಯಿಂದ ಬರುವ ರೋಗಗಳನ್ನು ಎಣಿಸುವ ನಮ್ಮ ವ್ಯವಸ್ಥೆ ಹುಟ್ಟಿದ್ದು ಮಲೇರಿಯಾಕ್ಕಾಗಿ, ಹಳ್ಳಿಗಳಿಗಾಗಿ. ಡೆಂಗಿ ಬಂದಿದ್ದು ನಗರಕ್ಕೆ, ಅದರಲ್ಲೂ ಖಾಸಗಿ ಆಸ್ಪತ್ರೆಗೆ.

ಮಲೇರಿಯಾ ಕಾಲದ ಕಥೆ ಕೇಳಿದರೆ ಈಗಲೂ ಅಚ್ಚರಿಯಾಗುತ್ತದೆ. ಆಗ ಬೊಂಬಾಯಿ ಪ್ರಾಂತ್ಯದಲ್ಲಿದ್ದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ, 1946ರ ಹೊತ್ತಿಗೇ ಮಲೇರಿಯಾ ತಜ್ಞ ಡಾ. ಡಿ.ಕೆ. ವಿಶ್ವನಾಥನ್ ಮನೆಗಳ ಗೋಡೆಗೆ ಸೊಳ್ಳೆ ಕೊಲ್ಲುವ ಡಿಡಿಟಿ ಹೊಡೆಸಿ ಫಲ ಕಂಡಿದ್ದರು. 1953ರಲ್ಲಿ ದೇಶಕ್ಕೆಲ್ಲ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು. ಆಗಿನ ಅಂದಾಜಿನಂತೆ ವರ್ಷಕ್ಕೆ 7.5 ಕೋಟಿ ಜನಕ್ಕೆ ಮಲೇರಿಯಾ, 8 ಲಕ್ಷ ಸಾವು. 1958ರಲ್ಲಿ ‘ನಿಯಂತ್ರಣ’ ಹೋಗಿ ‘ನಿರ್ಮೂಲನೆ’ ಬಂತು. ಪೂರ್ತಿ ತೊಲಗಿಸಬೇಕು ಅಂದರೆ ಒಬ್ಬ ರೋಗಿಯೂ ತಪ್ಪಿಹೋಗಬಾರದು, ಅಲ್ವಾ? ಹಾಗಾಗಿ ಸುಮಾರು 10 ಸಾವಿರ ಜನಕ್ಕೊಬ್ಬ ಕಾರ್ಯಕರ್ತನನ್ನು ನೇಮಿಸಿದರು. ಆತ ಹದಿನೈದು ದಿನಕ್ಕೊಮ್ಮೆ ಮನೆಮನೆಗೆ ಬರಬೇಕು, ‘ಯಾರಿಗಾದರೂ ಜ್ವರ ಬಂದಿತ್ತಾ’ ಅಂತ ಕೇಳಬೇಕು, ಬಂದಿದ್ದವರ ಬೆರಳು ಚುಚ್ಚಿ ಗಾಜಿನ ಸ್ಲೈಡ್ ಮೇಲೆ ರಕ್ತ ಲೇಪನ ತೆಗೆಯಬೇಕು.

ಹದಿನೈದು ದಿನ ಅನ್ನೋದು ಸುಮ್ನೆ ಇಟ್ಟ ಲೆಕ್ಕ ಅಲ್ಲ. ರೋಗಾಣು ಸೊಳ್ಳೆಯ ಹೊಟ್ಟೆ ಸೇರಿ, ಬೆಳೆದು, ಇನ್ನೊಬ್ಬರಿಗೆ ದಾಟೋಕೆ ಸಿದ್ಧವಾಗಲು ಹತ್ತು ದಿನಕ್ಕಿಂತ ಜಾಸ್ತಿಯೇ ಬೇಕು. ಅಷ್ಟರೊಳಗೆ ರೋಗಿ ಸಿಕ್ಕಿ ಮಾತ್ರೆ ನುಂಗಿದರೆ ಸರಪಳಿ ಅಲ್ಲೇ ತುಂಡಾಗುತ್ತದೆ. ವರ್ಷಕ್ಕೆ ನೂರರಲ್ಲಿ ಹತ್ತು ಜನರ ರಕ್ತವಾದರೂ ಪರೀಕ್ಷೆ ಆಗಿರಬೇಕು, ಸಾವಿರಕ್ಕೆ ಎಷ್ಟು ಮಂದಿಗೆ ಮಲೇರಿಯಾ ಅಂತ ನೋಡಬೇಕು: ಇಲಾಖೆ ಇವತ್ತಿಗೂ ಬಳಸುವ ಈ ಅಳತೆಗಳು ಆ ಕಾಲದವು.

1965ಕ್ಕೆ ಪ್ರಕರಣಗಳು ಸುಮಾರು 1 ಲಕ್ಷಕ್ಕೆ ಇಳಿದವು. ಗೆದ್ದೆವು ಅಂದುಕೊಂಡಿದ್ದೇ ತಪ್ಪಾಯಿತು. ಡಿಡಿಟಿ ಸರಿಯಾಗಿ ಸಿಗಲಿಲ್ಲ, ಸೊಳ್ಳೆಗಳು ಅದಕ್ಕೆ ಬಗ್ಗದಾದವು. ಇನ್ನೊಂದು ಕಡೆ ಸ್ಲೈಡ್‌ಗಳು ಲ್ಯಾಬ್‌ನಲ್ಲಿ ರಾಶಿ ಬಿದ್ದವು. ಫಲಿತಾಂಶ ಬರುವ ಹೊತ್ತಿಗೆ ರೋಗಿ ಇನ್ನಷ್ಟು ಸೊಳ್ಳೆಗಳಿಗೆ ರೋಗ ದಾಟಿಸಿ ಆಗಿರುತ್ತಿತ್ತು. 1976ರಲ್ಲಿ ಸಂಖ್ಯೆ 64 ಲಕ್ಷ ದಾಟಿತು. ಮಾರನೇ ವರ್ಷ ಯೋಜನೆಯನ್ನೇ ಬದಲಿಸಿದರು.

ಮಲೇರಿಯಾದ ಈ ಲೆಕ್ಕವಾದರೂ ಪೂರ್ತಿ ಸರಿಯಾ? ಮನೆಯವರನ್ನು ಮಾತಾಡಿಸಿ ಸಾವಿನ ಕಾರಣ ಪತ್ತೆಹಚ್ಚಿದ ಒಂದು ದೊಡ್ಡ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಭಾರತದಲ್ಲಿ ವರ್ಷಕ್ಕೆ ಸುಮಾರು 2 ಲಕ್ಷ ಮಂದಿ ಮಲೇರಿಯಾದಿಂದ ಸಾಯುತ್ತಾರೆ ಅಂತ ಅದು ಅಂದಾಜಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಆಗ ಬರೀ 15 ಸಾವಿರ. ಎರಡು ಲಕ್ಷ ಜಾಸ್ತಿಯಾಯಿತು ಅಂತ ತಕರಾರೂ ಬಂತು. ಆದರೆ ಹೆಚ್ಚಿನವರು ಸತ್ತಿದ್ದು ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ. ಮನೆಯ ಸಾವು ಆಸ್ಪತ್ರೆಯ ರಿಜಿಸ್ಟರ್‌ಗೆ ಹೇಗೆ ಬರಬೇಕು?

ಕರ್ನಾಟಕಕ್ಕೆ ಪಾಠ ಕಲಿಸಿದ್ದು ಚಿಕುನ್‌ಗುನ್ಯಾ. 2006ರಲ್ಲಿ ದೇಶದಲ್ಲಿ ಸುಮಾರು 14 ಲಕ್ಷ ಶಂಕಿತ ಪ್ರಕರಣ, ಅದರಲ್ಲಿ 7.5 ಲಕ್ಷ ನಮ್ಮ ರಾಜ್ಯದವೇ. ಕೀಲು ಹಿಡಿದು ಏಳಲಾಗದೆ ಜನ ಮಲಗಿದ್ದರು. ಲ್ಯಾಬ್‌ನಲ್ಲಿ ಖಚಿತವಾದದ್ದು ಮಾತ್ರ ಇದರ ಒಂದು ಚೂರು. ಅಷ್ಟೂ ಜನರ ರಕ್ತ ಪರೀಕ್ಷಿಸುವ ಲ್ಯಾಬ್ ಎಲ್ಲಿತ್ತು? ಸಾಂಕ್ರಾಮಿಕ ರೋಗಗಳಿಗೆಲ್ಲ ಒಂದೇ ವರದಿ ವ್ಯವಸ್ಥೆ ಇರಲಿ ಅಂತ 2004ರ ನವೆಂಬರ್‌ನಲ್ಲಷ್ಟೇ ಕೇಂದ್ರ ಹೊಸ ಯೋಜನೆ ಶುರು ಮಾಡಿತ್ತು. ಅದರಲ್ಲಿ ವಾರಕ್ಕೊಮ್ಮೆ ಮೂರು ಫಾರ್ಮ್: ಆರೋಗ್ಯ ಕಾರ್ಯಕರ್ತೆಯರು ಲಕ್ಷಣ ನೋಡಿ ತುಂಬುವುದು ‘ಎಸ್’, ವೈದ್ಯರ ಅನುಮಾನಕ್ಕೆ ‘ಪಿ’, ಲ್ಯಾಬ್ ಖಚಿತಪಡಿಸಿದ್ದಕ್ಕೆ ‘ಎಲ್’. ಈಗ ಕಾಗದ ಹೋಗಿ ಆನ್‌ಲೈನ್ ಪೋರ್ಟಲ್ ಬಂದಿದೆ. 2018ರಲ್ಲಿ ಅದನ್ನು ಮೊದಲು ಬಳಸಿ ನೋಡಿದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಪೋರ್ಟಲ್ ಬಂದರೂ ಖಾಸಗಿ ಆಸ್ಪತ್ರೆಯಲ್ಲಿ ಕೂತು ತುಂಬುವವರು ಬೇಕಲ್ಲ? 2014ರಲ್ಲಿ ಬಂದ ಅಧ್ಯಯನವೊಂದರ ಪ್ರಕಾರ, 2006ರಿಂದ 2012ರವರೆಗೆ ದೇಶದಲ್ಲಿ ವರ್ಷಕ್ಕೆ ಸರಾಸರಿ 20 ಸಾವಿರ ಚಿಲ್ಲರೆ ಡೆಂಗಿ ಪ್ರಕರಣ ವರದಿಯಾಗಿದ್ದವು. ಅಧ್ಯಯನದ ಅಂದಾಜು ಅದರ 282 ಪಟ್ಟು. ತಮಿಳುನಾಡಿನ ಮದುರೈ ಅನ್ನೋ ಒಂದೇ ಜಿಲ್ಲೆಯ ಮಾಹಿತಿ ಆಧರಿಸಿ ದೇಶಕ್ಕೆಲ್ಲ ಹಾಕಿದ ಲೆಕ್ಕ ಅದು, ಆ ಎಚ್ಚರದಲ್ಲೇ ಓದಬೇಕು. ಅರ್ಧಕ್ಕರ್ಧ ಕಡಿಮೆ ಮಾಡಿದರೂ ಅಂತರ ಸಣ್ಣದಾಗುವುದಿಲ್ಲ.

ಈ ಅಂತರ ಮುಚ್ಚಬಹುದು ಅನ್ನೋದಕ್ಕೆ ಮಂಗಳೂರೇ ಸಾಕ್ಷಿ. ಕಟ್ಟಡ ಕೆಲಸ ಹೆಚ್ಚಿದಂತೆ ಅಲ್ಲಿ ಮಲೇರಿಯಾ ಬೇರೂರಿತ್ತು. 2015ರ ಅಕ್ಟೋಬರ್‌ನಲ್ಲಿ ಆಸ್ಪತ್ರೆ, ಲ್ಯಾಬ್‌ಗಳನ್ನೆಲ್ಲ ಒಂದು ಸಾಫ್ಟ್‌ವೇರ್‌ಗೆ ಜೋಡಿಸಿ, ಕಾರ್ಯಕರ್ತರಿಗೆ ಟ್ಯಾಬ್ ಕೊಟ್ಟರು. ಒಂದು ಕೇಸ್ ದಾಖಲಾದರೆ ಆ ಭಾಗದ ಕಾರ್ಯಕರ್ತನಿಗೆ ಸಂದೇಶ ಹೋಗುತ್ತದೆ. ಆತ ರೋಗಿಯ ಮನೆಗೆ ಹೋಗಬೇಕು, ಸುತ್ತಮುತ್ತ ನಿಂತ ನೀರು ಹುಡುಕಬೇಕು, ಅಕ್ಕಪಕ್ಕದವರ ರಕ್ತವನ್ನೂ ಪರೀಕ್ಷೆಗೆ ತೆಗೆಯಬೇಕು. ಮುಂದಿನ ವರ್ಷಗಳಲ್ಲಿ ಪ್ರಕರಣಗಳು ತೀರಾ ಇಳಿದವು. ಹಳೇ ಕಾಲದ ಮನೆಭೇಟಿಯೇ ಇದು, ಟ್ಯಾಬ್ ಹಿಡಿದು ಬಂದಿದೆ ಅಷ್ಟೆ.

2024ರಲ್ಲಿ ಡೆಂಗಿ ಜೋರಾದಾಗ ರಾಜ್ಯ ಸರ್ಕಾರ ಮೊದಲು ಪರೀಕ್ಷೆಯ ದರಕ್ಕೆ ಮಿತಿ ಹಾಕಿತು: ಎರಡು ಎಲಿಸಾಗಳಿಗೆ ತಲಾ 300 ರೂಪಾಯಿ, ಕಾರ್ಡ್ ಟೆಸ್ಟ್‌ಗೆ 250. ಆಮೇಲೆ ಡೆಂಗಿಯನ್ನು ಸಾಂಕ್ರಾಮಿಕ ಕಾಯಿಲೆ ಅಂತ ಘೋಷಿಸಿತು. ಜನ ಜಾಸ್ತಿ ಮಾತಾಡಿದ್ದು ನೀರು ನಿಲ್ಲಿಸಿದವರಿಗೆ ಹಾಕುವ ದಂಡದ ಬಗ್ಗೆ. ನನ್ನ ಮಟ್ಟಿಗೆ ದರದ ಮಿತಿಯೇ ದೊಡ್ಡ ಸುದ್ದಿ. ಕಾರ್ಡ್‌ಗೂ ಎಲಿಸಾಗೂ 50 ರೂಪಾಯಿ ವ್ಯತ್ಯಾಸ ಅಂದರೆ, ಲೆಕ್ಕಕ್ಕೆ ಸೇರುವ ಪರೀಕ್ಷೆಯನ್ನೇ ಮಾಡಿಸಿಕೊಳ್ಳೋದಕ್ಕೆ ದುಡ್ಡಿನ ಅಡ್ಡಿ ದೊಡ್ಡದಲ್ಲ.

ಮನುಷ್ಯರಿಗೆ ಜ್ವರ ಬರುವ ಮುಂಚೆಯೇ ಸೊಳ್ಳೆಯನ್ನೇ ಪರೀಕ್ಷಿಸುವ ದಾರಿಯೂ ಇದೆ. 2023ರ ಆಗಸ್ಟ್‌ನಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲಿ ಗರ್ಭಿಣಿಯರ ಮಗುವಿಗೆ ಅಪಾಯ ತರಬಲ್ಲ ಝಿಕಾ ವೈರಸ್ ಸಿಕ್ಕಿತು. ಸುತ್ತಲ ಐದು ಕಿಲೋಮೀಟರ್‌ನಲ್ಲಿ ಗರ್ಭಿಣಿಯರನ್ನೂ ಜ್ವರ ಇದ್ದವರನ್ನೂ ಹುಡುಕಿ ರಕ್ತ ಪರೀಕ್ಷೆಗೆ ಕಳಿಸಿದರು. ಆದರೆ ಸೊಳ್ಳೆಯ ವರದಿ ಕೈಸೇರಿದ್ದು ಅಕ್ಟೋಬರ್ ಕೊನೆಗೆ. ಡೆಂಗಿ, ಝಿಕಾ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಒಂದು ವಾರ, ಹತ್ತು ದಿನ ಸಾಕು.