ಪವನಾ ನೀರು ಮತ್ತು ಬಊರಿನ ಗೋಲಿಬಾರ್

ನಿಗಡಿಯ ನಮ್ಮ ಕಟ್ಟಡಕ್ಕೆ ನೀರು ದಿನ ಬಿಟ್ಟು ದಿನ ಬರುತ್ತದೆ. 2019ರ ನವೆಂಬರ್‌ನಿಂದ ಪುಣೆ ಪಕ್ಕದ ಪಿಂಪ್ರಿ-ಚಿಂಚವಾಡ ನಗರಕ್ಕೆಲ್ಲ ಇದೇ ಲೆಕ್ಕ. ನೀರು ಇಲ್ಲದ ದಿನ ಕೆಳಗೆ ಪಾರ್ಕಿಂಗ್‌ನಲ್ಲಿ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಆ ಬಂದಿಸ್ತ್ ಪೈಪ್‌ಲೈನ್ ಆಗಿದ್ದರೆ ಈ ಗೋಳು ಇರುತ್ತಿರಲಿಲ್ಲ." ಬಂದಿಸ್ತ್ ಅಂದರೆ ಮುಚ್ಚಿದ್ದು. ಇಲ್ಲಿ ನಾವು ಕನ್ನಡ ಮಾತಾಡುವಾಗಲೂ ಆ ಮರಾಠಿ ಪದವನ್ನೇ ಬಳಸುತ್ತೇವೆ.

ಕಲಬುರ್ಗಿ, ವಿಜಯಪುರದ ಕಡೆಯಿಂದ ಹೊಸದಾಗಿ ಕೆಲಸಕ್ಕೆ ಬಂದ ಹುಡುಗರು ಕೇಳುತ್ತಾರೆ, ಯಾವ ಪೈಪ್‌ಲೈನ್? ಯಾಕೆ ಆಗಲಿಲ್ಲ? ಒಂದೇ ಮಾತಿನಲ್ಲಿ ಉತ್ತರ ಕೊಡೋಕೆ ಆಗಲ್ಲ. "ರೈತರು ತಡೆದರು" ಅಂದರೆ ಅರ್ಧ ಸತ್ಯ. "ಗೋಲಿಬಾರ್ ಆಯಿತು, ನಿಂತಿತು" ಅಂದರೆ ಇನ್ನರ್ಧ. ಪೂರ್ತಿ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಪುಣೆಯ ಪಶ್ಚಿಮಕ್ಕೆ ಸಹ್ಯಾದ್ರಿಯ ಮಡಿಲಲ್ಲಿರುವ ಮಳೆನಾಡು ಮಾವಳ. ಪಕ್ಕದ ಮುಳಶಿಯಲ್ಲಿ 1921ರಲ್ಲೇ ಟಾಟಾ ಅಣೆಕಟ್ಟಿನ ವಿರುದ್ಧ ಸೇನಾಪತಿ ಬಾಪಟ್ ರೈತರ ಜೊತೆ ಸತ್ಯಾಗ್ರಹಕ್ಕೆ ಕೂತಿದ್ದರು. ಅಣೆಕಟ್ಟು ಎದ್ದಿತು, ಊರು ಮುಳುಗಿತು. ಐವತ್ತು ವರ್ಷ ಕಳೆದು ಪವನಾ ನದಿಗೂ ಅಣೆಕಟ್ಟು ಬಂತು. ಅದರ ಕೆಳಗಿದ್ದ ಪಿಂಪ್ರಿ, ಚಿಂಚವಾಡ, ಭೋಸರಿ, ಆಕುರ್ಡಿ ಎಂಬ ಹಳ್ಳಿಗಳಲ್ಲಿ ಕಾರ್ಖಾನೆಗಳು ಆಗಲೇ ಎದ್ದಿದ್ದವು. 1982ರಲ್ಲಿ ಅವೆಲ್ಲ ಸೇರಿ ಪಿಂಪ್ರಿ-ಚಿಂಚವಾಡ ಮಹಾನಗರ ಪಾಲಿಕೆಯಾಯಿತು. 2011ರ ಜನಗಣತಿಯ ಹೊತ್ತಿಗೆ ಜನಸಂಖ್ಯೆ 17 ಲಕ್ಷ ದಾಟಿತ್ತು. ಅವರಲ್ಲಿ ನಮ್ಮವರೂ ಸಾಕಷ್ಟು ಜನ. ಉಡುಪಿ ಹೋಟೆಲಿನವರು, ಕಾರ್ಖಾನೆ ಕಾರ್ಮಿಕರು, ಅಫಜಲಪುರ, ಇಂಡಿ ಕಡೆಯ ಗಾರೆ ಕೆಲಸದವರು. ಎಲ್ಲರೂ ಕುಡಿದದ್ದು ಪವನಾ ನೀರು.

ನೀರು ನಮಗೆ ತಲುಪುವ ದಾರಿ ಇದು. ಅಣೆಕಟ್ಟಿನಿಂದ ನೀರನ್ನು ನದಿಗೇ ಬಿಡುತ್ತಾರೆ. ಅದು ಮಾವಳದ ಊರುಗಳನ್ನು ದಾಟಿ ರಾವೇತ್ ಬಂಧಾರದ ಹತ್ತಿರ ಬರುತ್ತದೆ. ಅಲ್ಲಿಂದ ಪಂಪ್ ಮಾಡಿ ನಿಗಡಿಯಲ್ಲಿ ಶುದ್ಧ ಮಾಡಿ ಊರಿಗೆ ಹಂಚುತ್ತಾರೆ. ದಾರಿಯುದ್ದಕ್ಕೂ ರೈತರು ದಂಡೆಯ ಮೇಲೆ ಮೋಟಾರ್ ಇಟ್ಟುಕೊಂಡಿದ್ದಾರೆ. ಅವರ ಬಾವಿಗಳಿಗೆ ಒರತೆ ಬರುವುದೂ ಈ ಹರಿವಿನಿಂದಲೇ.

ಹೊಸ ಯೋಜನೆಯಲ್ಲಿ ಅಣೆಕಟ್ಟಿನಿಂದ ನಿಗಡಿವರೆಗೆ ಸುಮಾರು 35 ಕಿಲೋಮೀಟರ್ ಮುಚ್ಚಿದ ಕೊಳವೆ ಹಾಕುವುದೆಂದಾಯಿತು. ಸುಮಾರು 400 ಕೋಟಿ ರೂಪಾಯಿ ವೆಚ್ಚ. ನಗರಗಳಿಗೆ ಕೇಂದ್ರ ಕೊಡುತ್ತಿದ್ದ ನರ್ಮ್ ಯೋಜನೆಯ ಹಣ. ನಗರದ ವಾದದಲ್ಲಿ ಸುಳ್ಳೇನೂ ಇರಲಿಲ್ಲ. ನದಿಯಲ್ಲಿ ಹರಿದು ಬರುವಾಗ ನೀರು ಸೋರುತ್ತದೆ, ಕೊಳೆಯಾಗುತ್ತದೆ, ಪಂಪಿಗೆ ಕರೆಂಟ್ ಖರ್ಚು ಜಾಸ್ತಿ. ಕೊಳವೆಯಲ್ಲಾದರೆ ಇಳಿಜಾರಿಗೆ ತಾನೇ ಬರುತ್ತದೆ.

ರೈತರ ವಾದವೂ ಅಷ್ಟೇ ಸರಳವಾಗಿತ್ತು. ನೀರು ಕೊಳವೆಗೆ ಹೋದರೆ ನದಿಯಲ್ಲಿ ಉಳಿಯುವುದೇನು? ನಮ್ಮ ಮೋಟಾರ್ ಎತ್ತುವುದೇನು? ಇನ್ನೊಂದು ಹಳೆಯ ಗಾಯವೂ ಇತ್ತು. ಅಣೆಕಟ್ಟಿಗೆ ಭೂಮಿ ಕೊಟ್ಟ ಎಷ್ಟೋ ಕುಟುಂಬಗಳಿಗೆ ಬದಲಿ ಜಮೀನು ಸಿಕ್ಕಿರಲಿಲ್ಲ. ಅಂಥ ಮನೆಗಳಿಗೇ ಈಗ ಮತ್ತೆ ನೋಟಿಸ್, ಕೊಳವೆಗೆ ಭೂಮಿ ಬೇಕು ಅಂತ. ಬಾಗಲಕೋಟೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿ ಹಿನ್ನೀರಿನ ಮುಳುಗಡೆ ಕಂಡವರು ಈ ಮಾತನ್ನು ಅರ್ಧದಲ್ಲೇ ಹಿಡಿಯುತ್ತಾರೆ.

ಯೋಜನೆ ಕಾಗದದಿಂದ ನೆಲಕ್ಕೆ ಇಳಿಯಿತು. ನಮಗೆ ಹಾಲು ಹಾಕುತ್ತಿದ್ದವರ ಊರು ಪವನಾನಗರದ ದಾರಿಯಲ್ಲಿದೆ. ಒಮ್ಮೆ ಅವರ ಜೊತೆ ಹೋಗಿದ್ದೆ. ಗದ್ದೆಯ ಬದುವಿಗೆ ತಾಗಿಕೊಂಡು ದೊಡ್ಡ ದೊಡ್ಡ ಕಬ್ಬಿಣದ ಕೊಳವೆಗಳು ಬಿದ್ದಿದ್ದವು. ಒಳಗೆ ಮನುಷ್ಯ ಸ್ವಲ್ಪ ಬಗ್ಗಿ ನಡೆಯಬಹುದು, ಅಷ್ಟು ಅಗಲ. ಮಕ್ಕಳು ಒಂದು ಕಡೆಯಿಂದ ಕೂಗಿ ಇನ್ನೊಂದು ಕಡೆ ಕಿವಿಯಿಟ್ಟು ಕೇಳುತ್ತಿದ್ದರು. ಹಾಲಿನವರು ಅದನ್ನೇ ನೋಡುತ್ತಾ ಹೇಳಿದರು, "ನಮ್ಮನ್ನು ಯಾರೂ ಕೂರಿಸಿಕೊಂಡು ಮಾತಾಡಲಿಲ್ಲ. ಪೈಪ್ ಮೊದಲು ಬಂತು." ಆ ಮಾತು ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ.

2011ರ ಆಗಸ್ಟ್ 9, ಕ್ವಿಟ್ ಇಂಡಿಯಾ ನೆನಪಿನ ಕ್ರಾಂತಿ ದಿನ. ಮಾವಳದ ರೈತರು ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯನ್ನು ಬಊರ್ ಎಂಬ ಊರಿನ ಹತ್ತಿರ ತಡೆದರು. ಭಾರತೀಯ ಕಿಸಾನ್ ಸಂಘ ಇತ್ತು, ಆಗ ವಿರೋಧದಲ್ಲಿದ್ದ ಶಿವಸೇನೆ, ಬಿಜೆಪಿಯ ಬಾವುಟಗಳಿದ್ದವು. ನಾಟಿ ಮುಗಿದ ಸಮಯ, ಊರೂರಿನಿಂದ ಹೆಂಗಸರೂ ಬಂದಿದ್ದರು. ಜಾಗದ ಆಯ್ಕೆಯೂ ಗಮನಿಸಬೇಕಾದದ್ದು. ತಾಲೂಕು ಕಚೇರಿ ಮುಂದೆ ಎಷ್ಟು ಕೂತರೂ ಮುಂಬೈಗೆ ಕೇಳಿಸದು. ಎಕ್ಸ್‌ಪ್ರೆಸ್‌ವೇ ನಿಂತರೆ ಹತ್ತು ನಿಮಿಷದಲ್ಲಿ ಕೇಳಿಸುತ್ತದೆ. ಪೊಲೀಸರಿಗೆ ಆತುರ ಹುಟ್ಟಿಸಿದ್ದೂ ಇದೇ ಜಾಗ.

ಕಲ್ಲು ಬಿದ್ದವು. ವಾಹನಗಳಿಗೆ ಬೆಂಕಿ ಬಿತ್ತು. ಪೊಲೀಸರಿಗೂ ಪೆಟ್ಟಾಯಿತು. ಗುಂಡು ಹಾರಿತು. ಇಬ್ಬರು ಗಂಡಸರು, ಒಬ್ಬ ಹೆಂಗಸು ಸತ್ತರು. ಗಾಯಗೊಂಡವರು ಇನ್ನೂ ಹಲವರು.

ಆ ಸಂಜೆ ನಿಗಡಿಯ ಹೋಟೆಲೊಂದರಲ್ಲಿ ಟಿವಿ ಮುಂದೆ ನಿಂತವರಲ್ಲಿ ನಾನೂ ಇದ್ದೆ. ಪೊಲೀಸರು ಬಂದೂಕು ಎತ್ತಿ ಹಾರಿಸುತ್ತಿದ್ದ ದೃಶ್ಯವನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ಗಲ್ಲಾದಲ್ಲಿದ್ದ ಕುಂದಾಪುರದ ಯಜಮಾನರು ಸುಮ್ಮನೆ ನೋಡುತ್ತಿದ್ದರು. ಹುಬ್ಬಳ್ಳಿ ಕಡೆಯ ಹಿರಿಯರೊಬ್ಬರು ಒಂದೇ ಮಾತು ಅಂದರು: "ನರಗುಂದ ನೋಡ್ರಿ ಇದು."

ಹೌದು, ನಮಗೆ ಅಲ್ಲಿಗೇ ನೆನಪು ಹೋಗುತ್ತದೆ. 1980ರ ಜುಲೈ 21. ಮಲಪ್ರಭಾ ಕಾಲುವೆಯ ನೀರು, ಅಭಿವೃದ್ಧಿ ಕರ, ನರಗುಂದ-ನವಲಗುಂದದ ಗೋಲಿಬಾರ್. ರೈತ ಸಂಘ ಬೆಳೆದದ್ದು ಆ ಬೆಂಕಿಯಿಂದ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಲು ಬಂದವರ ಮೇಲೆ ಗುಂಡು ಹಾರಿತು. ಮಹಾರಾಷ್ಟ್ರಕ್ಕೂ ತನ್ನದೇ ಸಾಲು ಇದೆ. ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು, ಫ್ಲೋರಾ ಫೌಂಟನ್ ಹುತಾತ್ಮ ಚೌಕವಾಯಿತು. 1984ರ ಜನವರಿಯಲ್ಲಿ ಉರಣ್‌ನಲ್ಲಿ ಭೂಮಿಗಾಗಿ ನಿಂತ ಐವರು ಸತ್ತರು. ಭೂಮಿ ಕಳೆದುಕೊಂಡವರಿಗೆ ಶೇಕಡ 12.5ರಷ್ಟು ಅಭಿವೃದ್ಧಿಪಡಿಸಿದ ಜಾಗ ಕೊಡುವ ಯೋಜನೆ ಬಂದದ್ದು ಆ ಹೋರಾಟದ ಫಲ. 1997ರ ಜುಲೈ 11ರಂದು ಘಾಟ್‌ಕೋಪರ್‌ನ ರಮಾಬಾಯಿ ನಗರದಲ್ಲಿ ಅಂಬೇಡ್ಕರ್ ಪ್ರತಿಮೆಗೆ ಅವಮಾನವಾದಾಗ ಹೆದ್ದಾರಿಗೆ ಇಳಿದವರಲ್ಲಿ ಹತ್ತು ಮಂದಿ ಗುಂಡಿಗೆ ಸತ್ತರು. ಅಲ್ಲಿ ಆಯೋಗ ಕೂತಿತು, ಮೊಕದ್ದಮೆ ನಡೆಯಿತು, 2009ರಲ್ಲಿ ಸೆಷನ್ಸ್ ಕೋರ್ಟ್ ಒಬ್ಬ ಅಧಿಕಾರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆಮೇಲೆ ಹೈಕೋರ್ಟಿನಲ್ಲಿ ಶಿಕ್ಷೆ ಅಮಾನತಾಯಿತು. ಗೋಲಿಬಾರ್ ಪ್ರಕರಣವೊಂದು ಅಷ್ಟು ದೂರ ಹೋದದ್ದೇ ಅಪರೂಪ.

ಯಾಕೆ ಅಪರೂಪ? ಕಾನೂನು ಹಾಗಿದೆ. ಐದು ಅಥವಾ ಹೆಚ್ಚು ಜನರ ಗುಂಪಿನಿಂದ ಶಾಂತಿ ಕೆಡಬಹುದು ಅನ್ನಿಸಿದರೆ ಚದುರಿ ಅಂತ ಆಜ್ಞೆ ಕೊಡುವ ಅಧಿಕಾರ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೂ ಠಾಣೆಯ ಅಧಿಕಾರಿಗೂ ಇದೆ. ಚದುರದಿದ್ದರೆ ಬಲ ಬಳಸಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 129ನೇ ಕಲಂ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 148. ಸಂಖ್ಯೆ ಬದಲಾಯಿತು, ತಿರುಳು ಅದೇ. ಹೀಗೆ ಬಲ ಬಳಸಿದವರ ಮೇಲೆ ಮೊಕದ್ದಮೆ ಹೂಡಬೇಕಾದರೆ ಸರ್ಕಾರದ ಅನುಮತಿ ಬೇಕು. ಅದೂ ಹಾಗೆಯೇ ಉಳಿದಿದೆ.

ಪೊಲೀಸರಿಗೆ ಕಲಿಸುವುದೂ ಬೇರೇನಲ್ಲ, ನಾವೆಲ್ಲ ನಂಬಿರುವುದನ್ನೇ. ಮೊದಲು ಎಚ್ಚರಿಕೆ, ಆಮೇಲೆ ಅಶ್ರುವಾಯು, ಲಾಠಿ, ಬೇರೆ ದಾರಿಯೇ ಇಲ್ಲದಾಗ ಗುಂಡು. ಅದೂ ಸಾಯಿಸಲು ಅಲ್ಲ, ಚದುರಿಸಲು. ಹಾಗಾದರೆ ಯಾವ ಗೋಲಿಬಾರ್ ಆದರೂ ಕೇಳಬೇಕಾದದ್ದು ನಾಲ್ಕೈದು ಪ್ರಶ್ನೆ ಅಷ್ಟೇ ಅಲ್ವಾ? ಆಜ್ಞೆ ಯಾರದ್ದು? ಎಚ್ಚರಿಕೆ ಕೊಟ್ಟರಾ, ಅದು ಜನರಿಗೆ ಕೇಳಿಸಿತಾ? ಲಾಠಿ, ಅಶ್ರುವಾಯು ಎಷ್ಟು ಹೊತ್ತು ಬಳಸಿದರು? ಗುಂಡು ತಗುಲಿದವರು ಎದುರಿಗೆ ಬರುತ್ತಿದ್ದರಾ, ಓಡುತ್ತಿದ್ದರಾ?

ಬಊರಿನ ಬಗ್ಗೆ ತನಿಖೆಗೆ ನ್ಯಾಯಮೂರ್ತಿ ಎಂ.ಜಿ. ಗಾಯಕ್ವಾಡ್ ಅವರ ಆಯೋಗ ನೇಮಕವಾಯಿತು. ಆದರೆ 1952ರ ವಿಚಾರಣಾ ಆಯೋಗಗಳ ಕಾಯ್ದೆಯಡಿ ಕೂರುವ ಯಾವ ಆಯೋಗಕ್ಕೂ ಶಿಕ್ಷೆ ಕೊಡುವ ಅಧಿಕಾರವಿಲ್ಲ. ಅದು ಹೇಳಬಹುದು, ಸರ್ಕಾರ ಕೇಳಬೇಕೆಂದೇನಿಲ್ಲ. ಇತ್ತ ಊರಿನ ಚಹಾದಂಗಡಿಗಳಲ್ಲಿ ಮಾತು ಬೇರೆ ಕಡೆ ತಿರುಗಿತ್ತು. ರೈತರನ್ನು ಯಾರು ಎತ್ತಿಕಟ್ಟಿದರು, ಪೊಲೀಸರನ್ನು ಯಾರು ಕಳಿಸಿದರು, ಯಾವ ಪಕ್ಷ ಹೆಚ್ಚು ಕೆಟ್ಟದ್ದು. ಮೇಲಿನ ನಾಲ್ಕೈದು ಪ್ರಶ್ನೆ ಕೇಳಿದವರನ್ನು ನಾನು ಕಂಡದ್ದು ಕಡಿಮೆ.

ಒಂದು ವರ್ಷಕ್ಕೆ ಇನ್ನೊಂದು ತಿರುವು ಬಂತು. 2012ರ ಆಗಸ್ಟ್ 11ರಂದು ಮುಂಬೈನ ಆಜಾದ್ ಮೈದಾನದಲ್ಲಿ ಸಭೆಗೆ ಬಂದವರಲ್ಲಿ ಒಂದು ಗುಂಪು ಪೊಲೀಸರ ಮೇಲೆಯೇ ಬಿತ್ತು. ಮಹಿಳಾ ಪೇದೆಯರ ಮೇಲೂ ಕೈಮಾಡಿದರು. ಇಬ್ಬರು ಸತ್ತರು. ಆಗ ಕೇಳಿಬಂದ ದೊಡ್ಡ ದೂರು, ಪೊಲೀಸರು ಕೈಕಟ್ಟಿ ನಿಂತರು, ಮೆತ್ತಗಾದರು ಅಂತ. ಮುಂಬೈ ಪೊಲೀಸ್ ಕಮಿಷನರ್ ತಮ್ಮ ಹುದ್ದೆಯಿಂದ ಸರಿಯಬೇಕಾಯಿತು. ಹಿಂದಿನ ಆಗಸ್ಟ್‌ನಲ್ಲಿ ಯಾಕೆ ಹಾರಿಸಿದಿರಿ, ಈ ಆಗಸ್ಟ್‌ನಲ್ಲಿ ಯಾಕೆ ಸುಮ್ಮನಿದ್ದಿರಿ.

ನಮ್ಮ ಕಟ್ಟಡದಲ್ಲಿ ನಿವೃತ್ತ ಹವಾಲ್ದಾರರೊಬ್ಬರಿದ್ದಾರೆ, ಸೊಲ್ಲಾಪುರದವರು, ಮನೆಮಾತು ಕನ್ನಡ. ಬಂದೋಬಸ್ತ್ ಅಂದರೆ ಏನು ಅಂತ ಅವರಿಂದ ಕೇಳಿದ್ದೇನೆ. ಬೆಳಗಿನ ಜಾವ ಗಾಡಿಗೆ ಹತ್ತಿಸುತ್ತಾರೆ. ಎಲ್ಲಿಗೆ, ಯಾರ ವಿರುದ್ಧ, ಅವರ ಬೇಡಿಕೆ ಏನು, ಯಾರೂ ಹೇಳುವುದಿಲ್ಲ. ಮಧ್ಯಾಹ್ನದ ಊಟ ಬಂದರೆ ಬಂತು. ಹದಿನೈದು ತಾಸು ನಿಂತ ಮೇಲೆ ಮೊದಲ ಕಲ್ಲು ತಲೆಗೆ ಬೀಳುತ್ತದೆ. "ಆ ಹೊತ್ತಿಗೆ ಮನುಷ್ಯ ಮನುಷ್ಯ ಆಗಿರಂಗಿಲ್ಲ," ಅನ್ನುತ್ತಾರೆ ಅವರು. ಗುಂಡು ಹಾರಿಸಿದ್ದಕ್ಕೆ ಇದು ನೆಪವಾಗಲಾರದು. ಆದರೆ ಅಂಥ ಸ್ಥಿತಿಯಲ್ಲಿ ನಿಂತವರ ಕೈಗೆ ರೈಫಲ್ ಕೊಟ್ಟು ರೈತರ ಎದುರು ನಿಲ್ಲಿಸುವ ಏರ್ಪಾಡನ್ನು ನಾವು ಪ್ರಶ್ನಿಸಬೇಕು. ಜನರ ಜೊತೆ ಮಾತಾಡಬೇಕಿದ್ದ ಮೇಜು ಖಾಲಿ ಉಳಿದಾಗ, ಆ ಕೆಲಸ ರಸ್ತೆಯಲ್ಲಿ ಪೇದೆಯ ತಲೆಗೆ ಬರುತ್ತದೆ.

ಗೋಲಿಬಾರ್ ಆದ ಕೂಡಲೇ ಯೋಜನೆಗೆ ತಡೆ ಬಿತ್ತು. ಹನ್ನೆರಡು ವರ್ಷ ಹಾಗೇ ಉಳಿಯಿತು. ಕೊಳವೆಗಳು ತುಕ್ಕು ಹಿಡಿದವು. ಊರು ಮಾತ್ರ ಬೆಳೆಯುತ್ತಲೇ ಹೋಯಿತು. ವಾಕಡ್, ರಾವೇತ್, ಮೋಶಿ, ಎಲ್ಲಿ ನೋಡಿದರೂ ಎತ್ತರದ ಕಟ್ಟಡ. ನೀರು ಸಾಲದೆ ಆಂದ್ರಾ ಅಣೆಕಟ್ಟಿನಿಂದ ತರಬೇಕಾಯಿತು, ಭಾಮಾ ಆಸಖೇಡ್ ಕಡೆಗೂ ಕಣ್ಣು ಹೋಯಿತು.

ಬಊರಿನ ಹೆಸರು ಈ ನಡುವೆ ಆಗಾಗ ಕೇಳಿತು, ನೀರಿನ ಸಲುವಾಗಿ ಅಲ್ಲ. 2021ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ರೈತರು ಸತ್ತಾಗ ಮಹಾರಾಷ್ಟ್ರದ ಆಡಳಿತ ಪಕ್ಷಗಳು ಬಂದ್ ಕರೆದವು. ಎದುರು ಪಕ್ಷವಾಗಿದ್ದ ಬಿಜೆಪಿ ತಕ್ಷಣ ಮಾವಳ ನೆನಪಿಸಿತು. ಗೋಲಿಬಾರ್ ಹೊತ್ತಿನಲ್ಲೂ ಅಧಿಕಾರದಲ್ಲಿದ್ದ ಎನ್‌ಸಿಪಿಯಿಂದ ಉತ್ತರ ಬಂತು: 2019ರಲ್ಲಿ ಮಾವಳದ ಜನ ನಮ್ಮನ್ನೇ ಗೆಲ್ಲಿಸಿದ್ದಾರೆ, ಅವರಿಗೆ ಸತ್ಯ ಗೊತ್ತು. ಸತ್ತ ಮೂವರು ಒಬ್ಬರ ಬಾಯಿ ಮುಚ್ಚಿಸಲು ಇನ್ನೊಬ್ಬರಿಗೆ ಬೇಕಾದರು. ಮತ ಹಾಕಿದ ಮಾತ್ರಕ್ಕೆ ಗುಂಡಿನ ಲೆಕ್ಕ ಮುಗಿಯಿತು ಅನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಜನ ಮತ ಹಾಕಲು ನೂರು ಕಾರಣ ಇರುತ್ತವೆ.

2023ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ತಡೆ ತೆಗೆಯಿತು. ಆ ಹೊತ್ತಿಗೆ, 2011ರಲ್ಲಿ ರಸ್ತೆಯಲ್ಲಿದ್ದ ಬಾವುಟಗಳೂ ಅಂದು ಅಧಿಕಾರದಲ್ಲಿದ್ದ ಬಾವುಟವೂ ಒಡೆದು, ಕೂಡಿ, ಒಂದೇ ಸರ್ಕಾರದಲ್ಲಿದ್ದವು. ನಗರದಲ್ಲಿ ಕೆಲವರು ಸಿಹಿ ಹಂಚುವಷ್ಟು ಖುಷಿಪಟ್ಟರು. ಮಾವಳದಲ್ಲಿ ಪಕ್ಷಭೇದ ಬಿಟ್ಟು ವಿರೋಧ ಎದ್ದಿತು. ಕಾರಣಗಳು ಹಳೆಯವೇ: ನದಿ, ಮೋಟಾರ್, ಬದಲಿ ಜಮೀನು. ಹೊಸದಾಗಿ ಸೇರಿದ್ದು ಒಂದು, ಮೂರು ಜೀವ ಕೊಟ್ಟಿದ್ದೇವೆ ಎನ್ನುವ ಮಾತು.

ಪಾರ್ಕಿಂಗ್‌ನಲ್ಲಿ ಈಗ ನಾನು ಹುಡುಗರಿಗೆ ಇಷ್ಟನ್ನೂ ಹೇಳುತ್ತೇನೆ. ನೀರು ನಮಗೆ ಬೇಕು, ನಿಜ. ಜೋಪಡಿಯಲ್ಲಿ ಡ್ರಮ್ ಹೊತ್ತುಕೊಂಡು ಓಡಾಡುವ ನಮ್ಮ ಕಡೆಯ ಹೆಂಗಸರಿಗೆ ಇನ್ನೂ ಜಾಸ್ತಿ ಬೇಕು. ಕೊಳವೆ ಹಾಕುವುದಾದರೆ ನದಿಗೆ ಎಷ್ಟು ನೀರು ಬಿಡುತ್ತೀರಿ ಅಂತ ಬರೆದುಕೊಡಲಿ, ಮುಳುಗಡೆಯವರ ಬಾಕಿ ಮೊದಲು ತೀರಲಿ. ಇದನ್ನು ಕೇಳಬೇಕಾದವರು ಮಾವಳದವರಷ್ಟೇ ಅಲ್ಲ, ಆ ನೀರು ಕುಡಿಯುವ ನಾವೂ.

ಕಳೆದ ಮಳೆಗಾಲದಲ್ಲಿ ಹಾಲಿನವರ ಊರಿಗೆ ಮತ್ತೆ ಹೋಗಿದ್ದೆ. ಅವರಿಗೆ ವಯಸ್ಸಾಗಿದೆ, ಹಾಲಿನ ಕೆಲಸ ಮಗ ನೋಡಿಕೊಳ್ಳುತ್ತಾನೆ. ಇಂದ್ರಾಯಣಿ ಭತ್ತ ಮೊಣಕಾಲೆತ್ತರ ಬೆಳೆದಿತ್ತು. ಮೋಟಾರ್ ಇಟ್ಟಿರುವ ತಗಡಿನ ಗೂಡು ತೋರಿಸಿದರು. ಅದರ ಪಕ್ಕ ಹೊಸದಾಗಿ ಇನ್ನೊಂದು ಕಟ್ಟಿದ್ದರು, ಮಗನ ಪಾಲಿನ ಗದ್ದೆಗೆ. "ನೀರು ಇರುತ್ತದಲ್ಲ?" ಅಂತ ನನ್ನನ್ನು ಕೇಳಿದರು, ನಿಗಡಿಯವನು ನನಗೇ ಗೊತ್ತಿರಬೇಕು ಎಂಬಂತೆ.